ಇಂಟರ್ವಲ್‌ಗೆ ಎದ್ದು ಬಂದವರು

"ಕರ್ನಲ್ ದಾರಿ ತಪ್ಪೋದನ್ನ ನಾನು ನೋಡಲ್ಲ ಮಾರಾಯ. ನೀನು ಹೋಗು ಒಳಗೆ."

ಭಾನುವಾರ ಸಂಜೆ ಕೇಳಿದ ಮಾತು. ಇವತ್ತು ಬುಧವಾರ. ಇನ್ನೂ ತಲೆಯಿಂದ ಇಳಿದಿಲ್ಲ.

ಹೇಳಿದವರು ಪಕ್ಕದ ಮನೆಯ ಸುಬೇದಾರ್ ಮಾವ. ಅನಂತ್ ನಾಗ್ ಅವರಿಗೆ ಈ ವರ್ಷ, 2025ರಲ್ಲಿ, ಪದ್ಮಭೂಷಣ ಬಂತಲ್ಲ, ಅದೇ ನೆಪದಲ್ಲಿ ಮಡಿಕೇರಿಯ ಪುಟ್ಟ ಹಾಲ್ ಒಂದರಲ್ಲಿ ನಾಲ್ಕು ಸಂಜೆ ಅವರ ನಾಲ್ಕು ಸಿನಿಮಾ. ಸೆಪ್ಟೆಂಬರ್ 4, ಅವರ ಹುಟ್ಟಿದ ದಿನವೇ ಶುರು. ಹಿಂದಿನ ದಿನ ಕೈಲ್‌ಪೊಳ್ದ್, ಕೊಡವರ ಆಯುಧ ಪೂಜೆಯ ಹಬ್ಬ. ಅರ್ಧ ಊರು ಪಂದಿಕರಿ ತಿಂದು ಮಲಗಿತ್ತು.

ಹಾಗಾಗಿ 'ಹಂಸಗೀತೆ'ಗೆ ಬಂದವರು ಹದಿನಾಲ್ಕೇ ಜನ. 1975ರ ಸಿನಿಮಾ. ಬಾಲಮುರಳಿಕೃಷ್ಣ ಹಾಡುವಾಗೆಲ್ಲ ಶೀಟಿನ ಮೇಲೆ ಮಳೆ ಜೋರಾಗಿ, ಅನಂತ್ ನಾಗ್ ಬಾಯಿ ಆಡಿಸೋದು ಮಾತ್ರ ಕಂಡಿತು. ಭಾಷಣ ಸ್ವಲ್ಪ ಕಮ್ಮಿ ಮಾಡಿ ಸ್ಪೀಕರ್ ನೋಡಿಕೊಳ್ಳಬಹುದಿತ್ತು. ಮರುದಿನ 'ಬರ'. ಒದ್ದೆ ಕೊಡೆಗಳನ್ನು ಕಾಲಡಿ ಇಟ್ಟುಕೊಂಡು ಬರಗಾಲ ನೋಡಿದೆವು.

ಶನಿವಾರ 'ಮುಂಗಾರು ಮಳೆ'. ಹಾಲ್ ತುಂಬಿತು. ಅದರಲ್ಲಿ ಅನಂತ್ ನಾಗ್ ನಮ್ಮ ಮಡಿಕೇರಿಯ ಕರ್ನಲ್ ಸುಬ್ಬಯ್ಯ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆ ಇದು. ತೆರೆ ಮೇಲಿನ ಕರ್ನಲ್‌ಗೂ ಇಲ್ಲಿ ಇನ್ಸ್‌ಪೆಕ್ಷನ್ ತಪ್ಪಿದ್ದಲ್ಲ. ಮಾವ ಮುಂದೆ ಬಾಗಿ ನೋಡಿದರು. "ಬೆನ್ನು ನೆಟ್ಟಗಿದೆ. ಪಾಸ್" ಅಂದರು.

ಅತ್ತೆ ಬಿಡಲಿಲ್ಲ. "ನಿಮ್ಮದಕ್ಕಿಂತ ನೆಟ್ಟಗಿದೆ."

ಮಾವ ಮಹಾ ಜಿಪುಣ. ನಮ್ಮ ಕಡೆ ಬಿದ್ದ ಅವರ ಮರದ ಬೆಣ್ಣೆಹಣ್ಣನ್ನೂ ಎಣಿಸಿ ವಾಪಸ್ ಕೇಳುವವರು. ಆದರೆ ನಾಲ್ಕೂ ದಿನದ ಟಿಕೆಟ್ ಅವರೇ ತೆಗೆದಿದ್ದರು, ನನ್ನದೂ ಸೇರಿ.

ಭಾನುವಾರ ಅತ್ತೆ ಬರಲಿಲ್ಲ. 'ಗೋಧಿ ಬಣ್ಣ ಸಾಧಾರಣ ಮೈಕಟ್ಟು', 2016ರದ್ದು. ಮರೆವಿನ ಕಾಯಿಲೆಯ ಅಪ್ಪ ಕಳೆದುಹೋಗುತ್ತಾರೆ, ಮಗ ಹುಡುಕುತ್ತಾನೆ. ಇಂಟರ್ವಲ್‌ನಲ್ಲಿ ಎರಡು ಟೀ ಹಿಡಿದು ಬಂದರೆ ಮಾವನ ಕುರ್ಚಿ ಖಾಲಿ. ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದರು. ಯಾಕೆ ಅಂದೆ. ಆಗ ಬಂದದ್ದು ಆ ಮಾತು.

"ಇದು ಕರ್ನಲ್ ಅಲ್ಲ ಮಾವ. ವೆಂಕೋಬ್ ರಾವ್ ಅಂತ, ಬೇರೆ ಪಾತ್ರ" ಅಂದೆ, ದೊಡ್ಡ ಬುದ್ಧಿವಂತನ ಹಾಗೆ.

"ಮುಖ ಒಂದೇ ಅಲ್ವಾ?"

ನನ್ನ ಕೊಡೆ ತಗೊಂಡು ಇಳಿದು ಹೋದರು. ಟೀ ಎರಡೂ ನಾನೇ ಕುಡಿದೆ.

ಮುಖ ಒಂದೇ, ನಿಜ. ನಾಲ್ಕು ಸಂಜೆಯಲ್ಲಿ ಅದರ ಮೇಲೆ 41 ವರ್ಷ ಹಾದುಹೋಗಿತ್ತು. ಕೆಲವು ಹೀರೋಗಳು ಅಜ್ಜನಾಗುವ ವಯಸ್ಸಲ್ಲೂ ಕಾಲೇಜಿಗೆ ಹೋಗುತ್ತಾರೆ. ಇವರು ಅಪ್ಪನಾಗುವ ಕಾಲಕ್ಕೆ ಅಪ್ಪನಾದರು, ಮರೆಯುವ ಕಾಲಕ್ಕೆ ಮರೆತರು. ನಾವೂ ನಂಬಿಬಿಟ್ಟೆವು. ಜುಲೈನಲ್ಲಿ ಮಾವ ಪೇಟೆಯ ಚೌಕಿ ಸರ್ಕಲ್‌ನಲ್ಲಿ ನಿಂತು, ನಮ್ಮ ಬೀದಿ ಯಾವ ಕಡೆ ಅಂತ ಆಟೋದವನನ್ನು ಕೇಳಿದ್ದರಂತೆ. ಅತ್ತೆ ಅದನ್ನು ನಗುತ್ತಲೇ ಹೇಳಿದ್ದರು. ನಾವೂ ನಕ್ಕಿದ್ದೆವು.

ನನ್ನ ಅಪ್ಪ ಕೊನೆಯ ವರ್ಷ ನನ್ನನ್ನು ಚಿಕ್ಕಪ್ಪನ ಹೆಸರಿಂದ ಕರೆಯುತ್ತಿದ್ದರು. ನಾನು ಪ್ರತಿ ಸಲ ತಿದ್ದುತ್ತಿದ್ದೆ. "ಅಲ್ಲಪ್ಪ, ನಾನು." ಸರಿಯಾದ ಹೆಸರು ಗೊತ್ತಾಗಿ ಅವರಿಗೆ ಏನಾಗಬೇಕಿತ್ತೋ.

ಸೋಮವಾರ ಅತ್ತೆ ಬೇಲಿ ಹತ್ತಿರ ಸಿಕ್ಕರು. "ಗ್ರಹಣ ಅಂತ ಬೇಗ ಬಂದ್ರಂತೆ! ಇವರು!" ಗ್ರಹಣದ ದಿನ ಬೇಕೆಂತಲೇ ಜಗಲಿಯಲ್ಲಿ ಕೂತು ಊಟ ಮಾಡುವ ಮನುಷ್ಯ. ನಾನು ಸುಮ್ನೆ ತಲೆ ಆಡಿಸಿದೆ.

ಇವತ್ತು ಬೆಳಿಗ್ಗೆ ಮಾವ ಕೊಡೆ ವಾಪಸ್ ಕೊಡಲು ಬಂದರು. ಒಣಗಿಸಿ, ಮಡಚಿ, ಗುಂಡಿ ಹಾಕಿ ತಂದಿದ್ದರು. ಗೇಟಿನವರೆಗೆ ಹೋದವರು ತಿರುಗಿ ನಿಂತರು.

"ಸಿಕ್ಕಿದ್ರಾ ಕರ್ನಲ್?"

"ಸಿಕ್ಕಿದ್ರು ಮಾವ."