ಒತ್ತಕ್ಷರಕ್ಕೆ ಜಾಗ ಬಿಡಿ: ಸ್ವಂತ ಜಾಲತಾಣ ಕಟ್ಟುವವರಿಗೆ

ಕವಿತೆ, ಚಿತ್ರ, ಫೋಟೊ, ಓದಿ ರೆಕಾರ್ಡ್ ಮಾಡಿದ ಕತೆ. ಇಷ್ಟನ್ನು ಒಂದೆಡೆ ಇಡಲು ಡೇಟಾಬೇಸೂ ಬೇಡ, ದುಡ್ಡು ಕೊಟ್ಟು ತಂದ ಥೀಮೂ ಬೇಡ. ಒಂದು ಫೋಲ್ಡರ್, ಅದರೊಳಗೆ ಪುಟದ ವಿಷಯ ಇರುವ, ಇಂಡೆಕ್ಸ್ ಹೆಸರಿನ ಎಚ್‌ಟಿಎಂಎಲ್ ಫೈಲ್, ಪುಟದ ರೂಪ ಹೇಳುವ ಒಂದು ಸಿಎಸ್‌ಎಸ್ ಫೈಲ್, ಚಿತ್ರಕ್ಕೊಂದು, ಫಾಂಟಿಗೊಂದು ಒಳಫೋಲ್ಡರ್ ಇದ್ದರಾಯಿತು. ಎಚ್‌ಟಿಎಂಎಲ್ ಕಲಿಸುವ ಪಾಠಗಳು ಬೇಕಾದಷ್ಟು ಸಿಗುತ್ತವೆ, ಆದರೆ ಹೆಚ್ಚಿನವು ಇಂಗ್ಲಿಷ್ ಅಕ್ಷರವನ್ನಷ್ಟೇ ಎದುರಿಗಿಟ್ಟುಕೊಂಡು ಬರೆದವು. ಕನ್ನಡದ ಪುಟ ಕೆಡುವ ಜಾಗಗಳೇ ಬೇರೆ.

ಮೊದಲು ತಲೆಭಾಗ. ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಭಾಷೆಯನ್ನು 'ಕೆಎನ್' (kn) ಎಂದು ನಮೂದಿಸಿ. ಅಕ್ಷರ ಸಂಕೇತ ಯುಟಿಎಫ್-8 ಎಂದು ಹೇಳುವ ಮೆಟಾ ಟ್ಯಾಗ್ ಫೈಲಿನ ಮೊದಲ 1024 ಬೈಟುಗಳೊಳಗೆ ಇರಬೇಕು. ಹೆಡ್ ಶುರುವಾದ ಕೂಡಲೇ ಹಾಕಿಬಿಡಿ. ಪುಟ ಮೊಬೈಲ್ ಪರದೆಯ ಅಗಲಕ್ಕೆ ಹೊಂದಲು ವ್ಯೂಪೋರ್ಟ್ ಟ್ಯಾಗ್ ಮರೆಯಬೇಡಿ.

ಪುಟದಲ್ಲಿ ಕನ್ನಡದ ಬದಲು ಗೊಜಲು ಕಂಡರೆ ಅದು ಎಂಥ ಗೊಜಲು ಎಂದು ನೋಡಿ. ತಲೆಯ ಮೇಲೆ ಗೀಟಿರುವ ಇಂಗ್ಲಿಷ್ 'ಎ', ಅದರ ಪಕ್ಕ ಮೇಲ್ಗಡೆ ಪುಟ್ಟ 2 ಅಥವಾ 3, ಮತ್ತೆ ಅದೇ 'ಎ'. ಹೀಗೆ ಸಾಲುಗಟ್ಟಿದ್ದರೆ ನಿಮ್ಮ ಬರಹ ಸರಿಯಾಗಿಯೇ ಇದೆ, ಮೆಟಾ ಟ್ಯಾಗ್ ತಪ್ಪಿದೆ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್. ಬ್ರೌಸರ್ ಆ ಮೂರನ್ನೂ ಬಿಡಿಬಿಡಿಯಾಗಿ ಓದುತ್ತಿದೆ ಅಷ್ಟೆ. ಅದರ ಬದಲು ಪೌಂಡ್ ಗುರುತು, ದೊಡ್ಡ 'ಪಿ', ಸಣ್ಣ 'ಕ್ಯೂ' ಬೆರೆತು ಕಂಡರೆ ಅದು 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸಿದ್ದು) ಟೈಪ್ ಮಾಡಿದ್ದು. ಅದನ್ನು ಯೂನಿಕೋಡಿಗೆ (ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ) ಪರಿವರ್ತಿಸದೆ ಬೇರೆ ದಾರಿಯಿಲ್ಲ.

ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಾರೆ ನೋಡಿ. 'ಸೂರ್ಯ' ಎಂಬಲ್ಲಿ ಆಸ್ಕಿ ಬರಹ ಅರ್ಕಾವತ್ತನ್ನು ಯಕಾರದ ನಂತರ ಇಟ್ಟಿರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಈ ಸ್ಥಾನಪಲ್ಲಟದಲ್ಲೇ ಪರಿವರ್ತಕಗಳು ಎಡವುವುದು. ಇನ್ನೊಂದು ಕಳ್ಳ ತಪ್ಪಿದೆ: ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಸೊನ್ನೆ ಹಾಕಿ ಬರೆದ 'ಅ೦ಗಳ'ವನ್ನು ಯಾರು 'ಅಂಗಳ' ಎಂದು ಹುಡುಕಿದರೂ ಸಿಗುವ ಖಾತರಿಯಿಲ್ಲ. ಎಡಿಟರಿನಲ್ಲಿ ಸೊನ್ನೆಗಳನ್ನೆಲ್ಲ ಹುಡುಕಿ, ಸಂಖ್ಯೆಯಲ್ಲಿರುವವನ್ನು ಬಿಟ್ಟು ಉಳಿದವನ್ನು ಬದಲಿಸಿ.

ಫಾಂಟಿನ ವಿಷಯ. ವಿಂಡೋಸ್‌ನಲ್ಲಿ ತುಂಗಾ ಇಲ್ಲವೇ ನಿರ್ಮಲಾ, ಆ್ಯಪಲ್‌ನಲ್ಲಿ ಸಂಗಮ್, ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ನೋಟೊ. ನೀವು ಹೇಳದಿದ್ದರೆ ಓದುಗರ ಸಾಧನದಲ್ಲಿ ಇದ್ದದ್ದು ಬರುತ್ತದೆ, ಗಾತ್ರವೂ ಒಂದೊಂದರಲ್ಲಿ ಒಂದೊಂದು ಥರ. ಕವಿತೆ, ಕತೆಗೆ ನೋಟೊ ಸೆರಿಫ್ ಕನ್ನಡ ಅಥವಾ ತಿರೋ ಕನ್ನಡ ಚೆನ್ನ. ಶೀರ್ಷಿಕೆಗೆ ಬಾಲೂ ತಮ್ಮ 2 ಗಟ್ಟಿಯಾಗಿ ನಿಲ್ಲುತ್ತದೆ. ಮೂರೂ ಓಪನ್ ಫಾಂಟ್ ಲೈಸೆನ್ಸಿನಲ್ಲಿವೆ, ನಿಮ್ಮ ಫೋಲ್ಡರಿನಲ್ಲೇ ಇಟ್ಟುಕೊಳ್ಳಬಹುದು.

ಫಾಂಟ್ ಫೈಲಿನ ತೂಕ ಇಳಿಸಲು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಫಾಂಟ್‌ಟೂಲ್ಸ್ ಬಳಸಿ ಬೇಕಾದ ಅಕ್ಷರಗಳನ್ನಷ್ಟೇ ಉಳಿಸಿ, ವೆಬ್ಬಿಗೆಂದೇ ಕುಗ್ಗಿಸಿದ ವೊಫ್2 ರೂಪಕ್ಕೆ ತನ್ನಿ (ಬ್ರಾಟ್ಲಿ ಪ್ಯಾಕೇಜೂ ಬೇಕು). ಯೂನಿಕೋಡಿನ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ 128 ಸ್ಥಾನಗಳು ಕನ್ನಡದವು. ಅಷ್ಟನ್ನೇ ಉಳಿಸಿದರೆ ಸಾಲದು. 200ಸಿ ಮತ್ತು 200ಡಿ ಎಂಬ ಎರಡು ಕಾಣದ ಜೋಡಕಗಳನ್ನೂ ಸೇರಿಸಿ. 'ಸಾಫ್ಟ್‌ವೇರ್' ಎಂಬುದು 'ಸಾಫ್ಟ್ವೇರ್' ಆಗದಂತೆ ತಡೆಯುವುದು ಮೊದಲನೆಯದು. 'ರ‍್ಯಾಂಕ್'ನಲ್ಲಿ ಅರ್ಕಾವತ್ತು ಬರದೆ ಯ ಒತ್ತು ಬರುವುದು ಎರಡನೆಯದರಿಂದ. ವಚನ, ಶ್ಲೋಕ ಹಾಕುವವರಿಗೆ ದಂಡಗಳು (।, ॥) ಬೇಕು, ಅವು ದೇವನಾಗರಿಯ ಭಾಗದಲ್ಲಿ 0964, 0965ರಲ್ಲಿವೆ. ಅಂಕಿ, ಅಲ್ಪವಿರಾಮ, ಪೂರ್ಣವಿರಾಮ, ರೂಪಾಯಿ ಗುರುತು ಸಹ.

ಇನ್ನು ಸಾಲುಗಳ ಅಂತರ. ಇಂಗ್ಲಿಷ್ ಥೀಮುಗಳು ಶೀರ್ಷಿಕೆಗೆ 1.2ರ (ಅಕ್ಷರದ ಗಾತ್ರದ 1.2 ಪಟ್ಟು) ಲೈನ್-ಹೈಟ್ ಕೊಟ್ಟಿರುತ್ತವೆ. ಅಲ್ಲಿ 'ರಾಷ್ಟ್ರ' ಎಂದು ಬರೆದು ನೋಡಿ: ಷಕಾರದ ಕೆಳಗೆ ಟ ಒತ್ತು, ಅದಕ್ಕೆ ಅಂಟಿಕೊಂಡು ರ ಒತ್ತು. ಇವು ಕೆಳಗಿನ ಸಾಲಿನ ಗುಡಿಸು, ದೀರ್ಘಕ್ಕೆ ಡಿಕ್ಕಿ ಹೊಡೆಯುತ್ತವೆ. ಪೆಟ್ಟಿಗೆಗೆ ಓವರ್‌ಫ್ಲೋ ಹಿಡನ್ (ಹೊರಚಾಚಿದ್ದನ್ನು ಮರೆಮಾಡು) ಇದ್ದರೆ ಒತ್ತು ಕತ್ತರಿಸಿಯೇ ಹೋಗುತ್ತದೆ. ಮೈಬರಹಕ್ಕೆ 18 ಪಿಕ್ಸೆಲ್, ಅಂತರ 1.7, ಶೀರ್ಷಿಕೆಗೆ 1.5ಕ್ಕಿಂತ ಕಡಿಮೆ ಬೇಡ. ಲಿಂಕಿನ ಅಡಿಗೆರೆಯದೂ ಇದೇ ಕತೆ. ಒತ್ತಕ್ಷರ ಸಿಕ್ಕಲ್ಲೆಲ್ಲ ಬ್ರೌಸರ್ ಗೆರೆಯನ್ನು ತುಂಡರಿಸಿ ಹರಕಲು ಮಾಡುತ್ತದೆ. ಅಡಿಗೆರೆ ತೆಗೆದು ಕೆಳಗಡೆ ಬಾರ್ಡರ್ ಕೊಡಿ. ಅಕ್ಷರಗಳ ನಡುವೆ ಅಂತರ ಹಿಗ್ಗಿಸುವ ಫ್ಯಾಷನ್ ಕನ್ನಡಕ್ಕೆ ಒಗ್ಗುವುದಿಲ್ಲ, ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ. ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಕೂಡ ಬೇಡ. ನಮ್ಮ ಪದಗಳು ಉದ್ದ, 360 ಪಿಕ್ಸೆಲ್ ಅಗಲದ ಪರದೆಯಲ್ಲಿ ಪದಗಳ ನಡುವೆ ಕಾಲುವೆ ತೋಡಿದಂತಾಗುತ್ತದೆ.

ಕವಿತೆ ಹಾಕುವವರಿಗೆ ಒಂದು ಮಾತು. ಮೊಬೈಲಿನಲ್ಲಿ ಉದ್ದದ ಸಾಲು ಮಡಿಚಿಕೊಂಡಾಗ, ಸಾಲು ಮುರಿದದ್ದು ಕವಿಯೋ ಪರದೆಯೋ ತಿಳಿಯುವುದಿಲ್ಲ. ಪ್ರತಿ ಸಾಲನ್ನೂ ಒಂದೊಂದು ಸ್ಪ್ಯಾನ್ ಟ್ಯಾಗಿನಲ್ಲಿಟ್ಟು ಸಿಎಸ್‌ಎಸ್‌ನಲ್ಲಿ ಬ್ಲಾಕ್ ಮಾಡಿ, ಎಡ ಪ್ಯಾಡಿಂಗ್ 1.5 ಎಮ್ (ಒಂದು ಎಮ್ ಎಂದರೆ ಅಕ್ಷರದ ಗಾತ್ರದಷ್ಟು), ಟೆಕ್ಸ್ಟ್-ಇಂಡೆಂಟ್ ಮೈನಸ್ 1.5 ಎಮ್ ಕೊಡಿ. ಮಡಿಚಿದ ತುಣುಕು ಒಳಗೆ ಸರಿದು ನಿಲ್ಲುತ್ತದೆ. ಇಡೀ ಚರಣಕ್ಕೆ ಒಟ್ಟಾಗಿ ಕೊಟ್ಟರೆ ಮೊದಲ ಸಾಲಿಗೆ ಮಾತ್ರ ಅನ್ವಯಿಸುತ್ತದೆ.

ಫೋಟೊಗಳನ್ನು ಉದ್ದದ ಬದಿ 1600 ಪಿಕ್ಸೆಲಿಗೆ ಇಳಿಸಿ, ವೆಬ್‌ಪಿ ರೂಪದಲ್ಲಿ 75ರಿಂದ 80ರ ಗುಣಮಟ್ಟದಲ್ಲಿ ಉಳಿಸಿ. ಫೋನಿನ ಫೋಟೊದೊಳಗೆ ತೆಗೆದ ಜಾಗದ ಅಕ್ಷಾಂಶ, ರೇಖಾಂಶ ಇರಬಹುದು. ಮನೆಯ ಹಿತ್ತಲ ಹೂವಿನ ಚಿತ್ರವೇ ಮನೆಯ ವಿಳಾಸ ಹೇಳೀತು. ಇಮೇಜ್‌ಮ್ಯಾಜಿಕ್ ಎಂಬ ಚಿತ್ರ ತಿದ್ದುವ ತಂತ್ರಾಂಶದ ಸ್ಟ್ರಿಪ್ ಆಯ್ಕೆ ಅದನ್ನು ಅಳಿಸುತ್ತದೆ, ಆದರೆ ಜೊತೆಗೆ ಇನ್ನೆರಡನ್ನೂ ಅಳಿಸುತ್ತದೆ: ಫೋಟೊ ನೆಟ್ಟಗಿದೆಯೋ ಅಡ್ಡವೋ ಎಂಬ ಗುರುತು ಮತ್ತು ಬಣ್ಣದ ಪ್ರೊಫೈಲ್. ಹಾಗಾಗಿ ಮೊದಲು ಆಟೊ-ಓರಿಯೆಂಟ್, ಆಮೇಲೆ ವೆಬ್ಬಿನ ಸಾಮಾನ್ಯ ಬಣ್ಣ ಪದ್ಧತಿಯಾದ ಎಸ್‌ಆರ್‌ಜಿಬಿಗೆ ಪರಿವರ್ತನೆ, ಕೊನೆಗೆ ಸ್ಟ್ರಿಪ್. ಈ ಕ್ರಮ ತಪ್ಪಿದರೆ ಚಿತ್ರ ಮಗ್ಗುಲಾಗುತ್ತದೆ, ಕೆಲವು ಫೋನುಗಳ ಚಿತ್ರ ಬಣ್ಣಗೆಡುತ್ತದೆ. ಇಮೇಜ್ ಟ್ಯಾಗಿನಲ್ಲಿ ಅಗಲ, ಎತ್ತರ ಬರೆದಿರಿ, ಇಲ್ಲದಿದ್ದರೆ ಚಿತ್ರ ಇಳಿಯುವಾಗ ಓದುತ್ತಿದ್ದ ಸಾಲು ಕೆಳಕ್ಕೆ ಜಿಗಿಯುತ್ತದೆ. ಓದಿದ ಕತೆಯ ದನಿಗೆ ಮೊನೊ (ಒಂದೇ ಚಾನೆಲ್) 64 ಕೆಬಿಪಿಎಸ್ ಸಾಕು. ನಿಮಿಷಕ್ಕೆ 480 ಕೆಬಿ.

ತಾಣವನ್ನು ಅಂತರಜಾಲದಲ್ಲಿ ಇಡಲು ಗಿಟ್‌ಹಬ್ ಪೇಜಸ್ ಎಂಬ ಸೇವೆ ಉಚಿತ. ತಾಣದ ಮಿತಿ 1 ಜಿಬಿ. ಉಚಿತ ಖಾತೆಯಲ್ಲಿ ರೆಪೊ (ನಿಮ್ಮ ಫೈಲುಗಳ ಭಂಡಾರ) ಸಾರ್ವಜನಿಕವಾಗಿರಬೇಕು, ಅಳಿಸಿದ ಫೈಲೂ ಅದರ ಇತಿಹಾಸದಲ್ಲಿ ಉಳಿಯುತ್ತದೆ. ಸ್ಟ್ರಿಪ್ ಮಾಡದ ಮೂಲ ಫೋಟೊವನ್ನು ಒಮ್ಮೆಯೂ ಅಲ್ಲಿ ಹಾಕಬೇಡಿ. ಸ್ವಂತ ಡೊಮೇನಿದ್ದರೆ ಅದನ್ನು ಸರ್ವರಿಗೆ ಜೋಡಿಸುವ ನಾಲ್ಕು ಎ-ರೆಕಾರ್ಡ್ ಬೇಕು: 185.199.108.153ರಿಂದ ಶುರುಮಾಡಿ ಮೂರನೆಯ ಸಂಖ್ಯೆ 109, 110, 111 ಆಗುತ್ತ ಹೋಗುತ್ತದೆ. ವಿಂಡೋಸ್‌ನಲ್ಲಿ ಸರಿಯಿದ್ದ ಚಿತ್ರಗಳು ಅಲ್ಲಿ ಮಾಯವಾದರೆ ಫೈಲ್ ಹೆಸರಿನ ದೊಡ್ಡ, ಸಣ್ಣ ಅಕ್ಷರ ನೋಡಿ. ಕ್ಯಾಮೆರಾ ಕೊಡುವ ದೊಡ್ಡಕ್ಷರದ 'ಜೆಪಿಜಿ'ಯೂ ನೀವು ಬರೆದ ಸಣ್ಣಕ್ಷರದ್ದೂ ಸರ್ವರಿಗೆ ಬೇರೆ ಬೇರೆ.

ಪುಟದ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡುವುದು ಲೇಸು, ಹೇಳಲು ಬೇಸರವೇ. 'ಕನ್ನಡ' ಎಂಬ ಪದ 5 ಸಂಕೇತಗಳದ್ದು. ವಿಳಾಸದಿಂದ ಕಾಪಿ ಮಾಡಿ ಅಂಟಿಸಿದಾಗ ಅದು ಶೇಕಡಾ ಗುರುತುಗಳ 45 ಅಕ್ಷರದ ಬಾಲವಾಗಬಹುದು, ವಾಟ್ಸ್ಆ್ಯಪಿನಲ್ಲಿ ಕಂಡವರು ವೈರಸ್ ಎಂದುಕೊಂಡಾರು. ಅಲ್ಲಿ ಮುನ್ನೋಟ ಬರಲು ಓಪನ್ ಗ್ರಾಫ್ ಟ್ಯಾಗ್ (ಮುನ್ನೋಟದ ಶೀರ್ಷಿಕೆ, ಚಿತ್ರ ಯಾವುದೆಂದು ಹೇಳುವಂಥದು) ಹಾಕಿ, 1200×630 ಪಿಕ್ಸೆಲಿನ ಚಿತ್ರ ಕೊಡಿ, ಚಿತ್ರದ ವಿಳಾಸ ಎಚ್‌ಟಿಟಿಪಿಎಸ್‌ನಿಂದ ಪೂರ್ತಿ ಬರೆಯಿರಿ. ಚಿತ್ರ ಬದಲಿಸಿದ ಮೇಲೂ ಹಳೆಯದೇ ಬರುತ್ತಿದ್ದರೆ ಲಿಂಕಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ, ಒಂದು ಅಂಕಿ ಸೇರಿಸಿ ಕಳಿಸಿ ನೋಡಿ.