ಒಂದೇ ಹಗಲಲ್ಲಿ 900 ಕಿಲೋಮೀಟರ್: ಯಶವಂತಪುರದಲ್ಲಿ ಗಂಟು ಬಿಚ್ಚಿತು

ಒಂದೇ ದಿನದ ಹಗಲು ಬೆಳಕಲ್ಲೇ ರೈಲಲ್ಲಿ ಆದಷ್ಟು ದೂರ ಹೋಗ್ಬೇಕು ಅನ್ನೋ ನನ್ನ ಆಟದಲ್ಲಿ ಕೊನೆಗೂ ಬೆಳಗ್ಗೆ ಹೊರಡೋ ಸಮಸ್ಯೆಗೆ ದಾರಿ ಸಿಕ್ತು ಕಣ್ರೀ, ಖುಷಿ ತಡ್ಕೊಳಕ್ಕಾಗ್ತಿಲ್ಲ.

ರೂಲ್ ಏನಂದ್ರೆ, ಸೂರ್ಯ ಹುಟ್ಟೋ ಮುಂಚೆ ರೈಲು ಹತ್ತಂಗಿಲ್ಲ, ಮುಳುಗೋದ್ರೊಳಗೆ ಇಳಿದಿರ್ಬೇಕು. ಬೆಂಗ್ಳೂರಿನ ಗೋಳೇನಂದ್ರೆ ಬೆಳಗಿನ ಒಳ್ಳೊಳ್ಳೆ ಗಾಡಿಗಳು ಬೆಳಕು ಹರಿಯೋ ಮುಂಚೇನೇ ಬಿಟ್ಬಿಡ್ತಾವೆ. ಎರ್ನಾಕುಲಂ ವಂದೇ ಭಾರತ್ 5:10ಕ್ಕೆ, ಅದನ್ನ ಆಗ್ಲೇ ಕೈಬಿಟ್ಟೆ. ಧಾರವಾಡದ ವಂದೇ ಭಾರತ್ (ಗಾಡಿ ನಂಬರ್ 20661) ಕೆಎಸ್ಆರ್‌ನಿಂದ, ಅಂದ್ರೆ ಮೆಜೆಸ್ಟಿಕ್ ಹತ್ರದ ಮುಖ್ಯ ಸ್ಟೇಷನ್‌ನಿಂದ, 5:45ಕ್ಕೆ. ಜೂನ್ 21ಕ್ಕೆ ನಮ್ಮಲ್ಲಿ ಹಗಲು 12 ಗಂಟೆ 53 ನಿಮಿಷ, ಅದಕ್ಕಿಂತ ಉದ್ದದ ಹಗಲಿಲ್ಲ, ಆದ್ರೆ ಅವತ್ತು ಸೂರ್ಯ ಹುಟ್ಟೋದು 5:54ಕ್ಕೆ, ಅಷ್ಟೊತ್ತಿಗೆ ಗಾಡಿ ಹೋಗಿ ಒಂಬತ್ತು ನಿಮಿಷ ಆಗಿರತ್ತೆ. ತಲೆ ಕೆಟ್ಟೋಯ್ತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಹಗಲು ಅತಿ ಉದ್ದ ಇರೋ ದಿನಾನೇ ಸೂರ್ಯ ಎಲ್ಲಕ್ಕಿಂತ ಬೇಗ ಹುಟ್ಟಲ್ಲ, ಬೆಂಗ್ಳೂರಿನ ಅಕ್ಷಾಂಶಕ್ಕೆ ಅದು ಜೂನ್ ಮೊದಲ ವಾರದಲ್ಲೇ, 5:52ರ ಸುಮಾರಿಗೆ ಬರತ್ತೆ, ಹಗಲಲ್ಲಿ ಕಳ್ಕೊಳೋದು ಮೂರು ನಿಮಿಷಾನೂ ಇಲ್ಲ. ಸರಿ, ಜೂನ್ 3 ಅಂತ ಫಿಕ್ಸ್ ಮಾಡ್ದೆ. ಆದ್ರೂ ಏಳು ನಿಮಿಷ ಬಾಕಿ!

ಇಲ್ಲೇ ಯಶವಂತಪುರ ಕೈ ಹಿಡಿದಿದ್ದು. ಅದೇ ಗಾಡಿ ಅಲ್ಲಿಗೆ 5:55ಕ್ಕೆ. ಐದು ಕಿಲೋಮೀಟರ್ ಬಿಟ್ಟುಕೊಟ್ರೆ ಇಡೀ ದಿನ ನಮ್ದು. ಹೋದ ವರ್ಷ ಜೂನಲ್ಲಿ ಆ ಹೊತ್ತಿಗೆ ಅಲ್ಲಿ ನಿಂತಿದ್ದೆ, ಪ್ಲಾಟ್‌ಫಾರ್ಮ್ ಲೈಟ್ ಇನ್ನೂ ಆರಿಸಿರ್ಲಿಲ್ಲ, ಮೇಲ್ಸೇತುವೆ ತಗಡಿನ ಅಂಚಲ್ಲಿ ಮಾತ್ರ ತೆಳ್ಳಗೆ ಕೇಸರಿ ಬಣ್ಣ, ಸೂರ್ಯ ಕಟ್ಟಡಗಳ ಹಿಂದೆ. ಪರ್ವಾಗಿಲ್ಲ, ಬಿಂಬದ ಮೇಲಂಚು ದಿಗಂತ ಮುಟ್ಟಿದ್ರೆ ಸೂರ್ಯೋದಯ, ಕಟ್ಟಡ ಲೆಕ್ಕಕ್ಕಿಲ್ಲ.

ಧಾರವಾಡಕ್ಕೆ 12 ದಾಟಿದ ಮೇಲೆ, ಪೇಡಾ ತಗೊಳ್ಳೋಕೆ ಟೈಮಿದೆ, ವಾಪಸ್ ಬರೋ ವಂದೇ ಭಾರತ್ 20662 ಮಧ್ಯಾಹ್ನ 1:15ಕ್ಕೆ, ತುಮಕೂರಿಗೆ ಸಂಜೆ 6:18. ಹೋಗ್ತಾ ಬರ್ತಾ ಸೇರಿ ಹತ್ತಿರ ಹತ್ತಿರ 900. ಅದೇ ಹಳಿ ಮೇಲೆ ವಾಪಸ್ ಬಂದ್ರೆ ಪ್ರಯಾಣ ಹೆಂಗಾಗತ್ತೆ ಅಂತ ಕೆಲವರ ತಕರಾರು. ನನ್ ಪ್ರಕಾರ ಖಂಡಿತ ಆಗತ್ತೆ, ಬೆಳಗ್ಗೆ ನೋಡಿದ ದಾವಣಗೆರೆ ಕಡೆಯ ಬಯಲು ಸಂಜೆ ಬಿಸಿಲಲ್ಲಿ ಬೇರೇನೇ ಊರು.



ಇದು ಮುಗಿದ್ಮೇಲೆ ಡಿಸೆಂಬರ್ ಪ್ರಾಜೆಕ್ಟ್, ಅತಿ ಚಿಕ್ಕ ಹಗಲಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿ. 55 ಕಿಲೋಮೀಟರಲ್ಲಿ 57 ಸುರಂಗ, ಐವತ್ತು ಮೀಟರಿಗೆ ಒಂದು ಮೀಟರ್ ಇಳಿಜಾರು. ಸುರಂಗದೊಳಗಿನ ಕತ್ತಲನ್ನ ಹಗಲಿಂದ ಕಳೀಬೇಕಾ? ಕಳೀಲೇಬೇಕು ಅನ್ಸತ್ತೆ ನನಗೆ, ಸ್ಟಾಪ್‌ವಾಚ್ ಹಿಡ್ಕೊಂಡೇ ಹೋಗ್ತೀನಿ.

ಈಗ ಉಳಿದಿರೋದು ತುಮಕೂರು. ಜೂನ್ 3ಕ್ಕೆ ಸೂರ್ಯ ಮುಳುಗೋದು 6:43ಕ್ಕೆ, ಅದೇ ಗಾಡೀಲಿ ಮುಂದುವರಿದ್ರೆ ಯಶವಂತಪುರ ಮುಟ್ಟೋಷ್ಟ್ರಲ್ಲಿ ಏಳು ದಾಟತ್ತೆ, ರೂಲ್ ಮುರಿಯತ್ತೆ. ಅಂದ್ರೆ 25 ನಿಮಿಷ ಬೆಳಕು ಸುಮ್ನೆ ವೇಸ್ಟ್. 6:25ರ ಸುಮಾರಿಗೆ ತುಮಕೂರಿಂದ ಬೆಂಗ್ಳೂರ್ ಕಡೆ ಹೊರಡೋ ಮೆಮು (ಹತ್ತಿರದ ಊರುಗಳ ಮಧ್ಯೆ ಓಡಾಡೋ ಎಲೆಕ್ಟ್ರಿಕ್ ಲೋಕಲ್ ಗಾಡಿ) ಇದ್ರೆ ಹಿರೇಹಳ್ಳಿವರೆಗಾದ್ರೂ ಎಳೀಬಹುದು. ಬುಕಿಂಗ್ 60 ದಿನ ಮುಂಚೆ, ಅಂದ್ರೆ ಏಪ್ರಿಲ್ 4ಕ್ಕೆ ಓಪನ್ ಆಗತ್ತೆ, ಅಷ್ಟರೊಳಗೆ ಆ ಮೆಮು ಹುಡುಕ್ಬೇಕು.