ಮೊದಲು ಸಿಕ್ಕಷ್ಟು

ಮಾವನ ಹಳೆಯ ಹಾರ್ಡ್ ಡಿಸ್ಕ್ ಕೆಟ್ಟು ಇವತ್ತು ಮೇಜಿನ ಮೇಲೆ ಮಲಗಿದೆ. ಒಳಗೆ ಶಿರಸಿ, ಸಿದ್ದಾಪುರದ ಕಡೆ ಭಾಗವತರ ಪದ್ಯಕ್ಕೆ ಅವರು ಮಾತಿನಲ್ಲಿ ಅರ್ಥ ಹೇಳಿದ ತಾಳಮದ್ದಳೆಗಳ ಧ್ವನಿಮುದ್ರಣ.

ಫ್ರಿಜ್ಜಿನಲ್ಲಿಡಿ ಎಂದರು ಒಬ್ಬರು. ಬಿಚ್ಚಿ ನೋಡೋಣ ಎಂದರು ಇನ್ನೊಬ್ಬರು. ಇಬ್ಬರಿಗೂ ಚಹಾ ಕೊಟ್ಟು ಕಳುಹಿಸಿದೆ. ಒಳಗೆ ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಯ ಮೇಲೆ ಅದನ್ನು ಓದುವ ಹೆಡ್ಡು ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ಮಳೆಗಾಲದ ತೇವವನ್ನು ಅಲ್ಲಿಗೆ ಕರೆಯಬೇಕೇ?

ಬರೀ ಟಕ್ ಟಕ್ ಎನ್ನುತ್ತಿದ್ದರೆ ಆರಿಸಿಟ್ಟು ಬಲ್ಲವರ ಪ್ರಯೋಗಾಲಯಕ್ಕೆ ಕಳುಹಿಸಬೇಕಿತ್ತು. ಇದು ಇನ್ನೂ ಓದುತ್ತಿದೆ, ತೀರಾ ನಿಧಾನವಾಗಿ. ಹಾಗಾಗಿ ಕೆಟ್ಟ ಡಿಸ್ಕಿನಿಂದ ಮಾಹಿತಿ ಎತ್ತುವ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಹಚ್ಚಿದ್ದೇನೆ. ಅದು ಸಲೀಸಾಗಿ ಸಿಗುವುದನ್ನೆಲ್ಲ ಮೊದಲು ಬೇರೆ ಡಿಸ್ಕಿಗೆ ಎತ್ತಿಕೊಳ್ಳುತ್ತದೆ. ಕೆಟ್ಟ ಜಾಗ ಬಂದರೆ ಗುರುತು ಹಾಕಿ ಮುಂದೆ ಹೋಗುತ್ತದೆ, ಕೊನೆಗೆ ಅಲ್ಲಿಗೆ ಮರಳುತ್ತದೆ. ನಡುವೆ ಕರೆಂಟು ಹೋದರೂ (ಹೋಗದೆ ಇರುತ್ತದೆಯೇ!) ಗುರುತಿನ ಕಡತ ನೋಡಿ ಬಿಟ್ಟಲ್ಲಿಂದಲೇ ಶುರು.

ಸಿಗದ ಒಂದಕ್ಕೆ ಹಟ ಹಿಡಿದು ಸಿಗುವುದನ್ನೂ ಕಳೆದುಕೊಳ್ಳುವ ನಮ್ಮಂಥವರಿಗೆ ಈ ಬುದ್ಧಿ ಅಷ್ಟು ಸುಲಭಕ್ಕೆ ಬರುವುದಿಲ್ಲ.

ಮಾವ ಪಕ್ಕದಲ್ಲೇ ಕುಳಿತಿದ್ದಾರೆ. "ಭಾಗವತರ ಪದ್ಯ ಉಳಿದರೆ ಸಾಕು ತಮ್ಮಾ, ನನ್ನ ಅರ್ಥ ಹೋದರೂ ಅಡ್ಡಿಯಿಲ್ಲ" ಎಂದರು.

"ಸುಳ್ಳು" ಎಂದರು ಅತ್ತೆ, ಅಡುಗೆಮನೆಯಿಂದಲೇ.